ಬಿಸಿ ಏರದ ಯಂತ್ರ

ಅಡುಗೆಮನೆಯ ನೆಲದ ಮೇಲೆ ಕೂತು ದಾಕ್ಷಾಯಣಿ ನೀರಿನ ಕೊಳವೆಗಳನ್ನು ಅಳೆದು ಕತ್ತರಿಸುತ್ತಿದ್ದಳು. ಪಡಸಾಲೆಯಲ್ಲಿ ಅವಳ ಮಗಳು ಗಂಗಿ ಮನುಷ್ಯನನ್ನು ಕಡಿಯುವುದನ್ನು ಕಲಿಯುತ್ತಿದ್ದಳು.

ಕಲಿಯುವುದಕ್ಕೆ ಇದ್ದದ್ದು ಒಂದು ಗೋಣಿಚೀಲ. ಒಳಗೆ ಹಳೆಯ ಬಟ್ಟೆ, ಉಸುಕು. ಜಂತಿಗೆ ತೂಗುಬಿಟ್ಟಿದ್ದ ಅದನ್ನು ಗಂಗಿ ಸಲಿಕೆಯ ಮರದ ಕಾವಿನಿಂದ ಬಾರಿಸುತ್ತಿದ್ದಳು. ಪ್ರತಿ ಏಟಿಗೂ ಬಾಯಲ್ಲಿ ಒಂದೇ ಹೆಸರು. "ದುಂಡಪ್ಪ." ಧಪ್. "ದುಂಡಪ್ಪ." ಧಪ್. ಚೀಲ ಹರಿದು ಉಸುಕು ಸೋರತೊಡಗಿತ್ತು.

"ಗಂಗೀ, ಉಸುಕು ಇಲ್ಲಿ ಫಿಟ್ಟಿಂಗಿನಾಗ ಹೊಕ್ಕೊಳ್ಳಾಕತ್ತೈತಿ. ಹೊರಗ ಹೋಗಿ ಹೊಡಿ."

"ಹೊರಗ ಮಂದಿ ನೋಡ್ತಾರವ್ವಾ."

"ನೋಡ್ಲಿ ಬಿಡು. ಮುಂದಿನ ವಾರ ಊರಿಗೆ ಊರೇ ನೋಡೂದೈತಿ."

ದುಂಡಪ್ಪ ಕರಿಗಾರ ಈ ಮನೆಯ ಸೋಮುವನ್ನು ಕೊಂದವನು. ಸೋಮು ಗಂಗಿಯ ತಮ್ಮ. ಅವನ ಸ್ಕೂಟಿಯ ಹ್ಯಾಂಡಲ್ ತಾಗಿ ದುಂಡಪ್ಪನ ಹೊಸ ಕಾರಿನ ಮೇಲೆ ಒಂದು ಗೆರೆ ಬಿದ್ದಿತ್ತು, ಅಷ್ಟೇ ಕಾರಣ. ಗೋಡೌನಿನ ಗೇಟಿನ ಮುಂದೆ ಹಾಡಹಗಲೇ ಕಬ್ಬಿಣದ ಸಲಾಕೆಯಿಂದ ತಲೆಗೆ ಹೊಡೆದ. ಬಿದ್ದ ಮೇಲೂ ಹೊಡೆದ. ಚಹಾದಂಗಡಿಯವನು ನೋಡಿದ, ಹಮಾಲರು ನೋಡಿದರು, ಬಸ್ಸಿಗೆ ಕಾದು ನಿಂತವರು ನೋಡಿದರು. ಕೋರ್ಟಿಗೆ ಬಂದಾಗ ಅವರಲ್ಲಿ ಯಾರೂ ಏನನ್ನೂ ನೋಡಿರಲಿಲ್ಲ.

ಇಂಥ ಕೊಲೆಗಳಿಗಾಗಿಯೇ ಸರ್ಕಾರ ಕಣದ ಕಾಯ್ದೆ ತಂದಿತ್ತು. ಕಣ ಎಂಬುದು ಮೊದಲು ಹುಡುಗರ ಕಂಪ್ಯೂಟರ್ ಆಟ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು, ಪರದೆಯ ಮೇಲೆ ಕತ್ತಿ. ಆಮೇಲೆ ಯಾರೋ ನೋವಿನ ಪಟ್ಟಿಯನ್ನು ಕಂಡುಹಿಡಿದರು. ಅದನ್ನು ಬೆನ್ನುಹುರಿಗೆ ಒತ್ತಿ ಕಟ್ಟಿದರೆ, ಪರದೆಯ ಮೇಲೆ ತೋಳು ಕಡಿದಾಗ ಕುರ್ಚಿಯಲ್ಲಿ ಕೂತವನ ತೋಳು ನಿಜಕ್ಕೂ ಕಡಿದಷ್ಟೇ ಉರಿಯುತ್ತದೆ. ರಕ್ತ ಮಾತ್ರ ಬರುವುದಿಲ್ಲ. ಸೇಡಿಗೆ ಸೇಡು ಎಂದು ಜನ ಬೀದಿಬೀದಿಯಲ್ಲಿ ಕಡಿದಾಡುತ್ತಿದ್ದ ಕಾಲವದು. ಕಡಿದಾಡುವುದಿದ್ದರೆ ಪರದೆಯ ಮೇಲೆ ಕಡಿದಾಡಿ ಎಂದರು. ಕತ್ತಿ ಕೈಬಿಟ್ಟವರು ಸೋತ ಹಾಗೆ. ಆರೋಪಿಯ ಕಡೆಯವರು ಸೋತರೆ ಅವನಿಗೆ ಜೀವಾವಧಿ ಜೈಲು. ಸತ್ತವನ ಕಡೆಯವರು ಸೋತರೆ ಕೇಸು ಅಲ್ಲಿಗೆ ಮುಚ್ಚಿತು, ಇನ್ನೆಂದೂ ತೆರೆಯುವ ಹಾಗಿಲ್ಲ. ಕತ್ತಿ ಬಿಡದೆ ಹಟ ಹಿಡಿದು, ಬರೀ ನೋವಿಗೇ ಎದೆ ನಿಂತು ಸತ್ತವರೂ ಇದ್ದರು.

ಜನ ಕಾಯ್ದೆಯನ್ನು ಒಪ್ಪಿಕೊಂಡರು, ಸರ್ಕಾರದ ಕಂಪ್ಯೂಟರನ್ನು ಮಾತ್ರ ಒಪ್ಪಲಿಲ್ಲ. ಅದರೊಳಗೆ ಯಾರು ಏನು ತುಂಬಿದ್ದಾರೋ ಯಾರಿಗೆ ಗೊತ್ತು? ಹಾಗಾಗಿ ಪ್ರತಿ ಮನೆಯವರೂ ತಮ್ಮ ಯಂತ್ರವನ್ನು ತಾವೇ ಕಟ್ಟಿಕೊಂಡು ಬರಬೇಕೆಂದಾಯಿತು. ನಿಮ್ಮ ಕಡೆಯ ಆಳಿನ ಒಂದೊಂದು ಚಲನೆಯನ್ನೂ ನಿಮ್ಮ ಯಂತ್ರವೇ ಲೆಕ್ಕ ಹಾಕಿ ಪರದೆಗೆ ಕಳಿಸುತ್ತದೆ. ಆ ಲೆಕ್ಕದಲ್ಲಿ ಯಂತ್ರ ಕೆಂಡದಂತೆ ಕಾಯುತ್ತದೆ. ಕಾದ ಯಂತ್ರ ಸುಟ್ಟುಹೋಗದಿರಲೆಂದು ತಾನಾಗಿಯೇ ನಿಧಾನವಾಗುತ್ತದೆ. ಯಂತ್ರ ನಿಧಾನವಾದರೆ ಕತ್ತಿ ನಿಧಾನ. ಕತ್ತಿ ನಿಧಾನವಾದರೆ ಏನಾಗುತ್ತದೆ ಎನ್ನುವುದನ್ನು ದಾಕ್ಷಾಯಣಿ ಯೋಚಿಸುತ್ತಿರಲಿಲ್ಲ. ಸುಮ್ಮನೆ ಕೊಳವೆ ಕತ್ತರಿಸುತ್ತಿದ್ದಳು.

ಫ್ರಿಜ್ಜಿನ ಕಂಪ್ರೆಸರ್ ಕಟ್ಟುವ ಹಾಗಿಲ್ಲ, ನೀರು ಮತ್ತು ಫ್ಯಾನು ಎರಡೇ ಎಂಬುದು ನಿಯಮ. ಅವಳು ನೀರಿನ ದಾರಿಯನ್ನು ನೆಲದ ಮೇಲೆ ರಂಗೋಲಿ ಪುಡಿಯಿಂದ ಬರೆದಿದ್ದಳು. ತೊಟ್ಟಿಯಿಂದ ಪಂಪಿಗೆ, ಪಂಪಿನಿಂದ ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ಬ್ಲಾಕಿಗೆ, ಅಲ್ಲಿ ಬಿಸಿ ಹೀರಿದ ನೀರು ಮೊದಲ ರೇಡಿಯೇಟರಿಗೆ, ಆರಿಕೊಂಡು ಗ್ರಾಫಿಕ್ಸ್ ಕಾರ್ಡಿನ ಬ್ಲಾಕಿಗೆ, ಮತ್ತೆ ಬಿಸಿಯಾಗಿ ಎರಡನೆಯ ರೇಡಿಯೇಟರಿಗೆ, ಅಲ್ಲಿಂದ ತಿರುಗಿ ತೊಟ್ಟಿಗೆ. ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಅವಳು ದಿನಾ ಮಾಡುವುದೂ ಇದನ್ನೇ. ಒಂದು ಮೈಯಿಂದ ರಕ್ತವನ್ನು ಹೊರಗೆ ತಂದು, ತೊಳೆದು, ಒಂದು ಹನಿ ಚೆಲ್ಲದಂತೆ ವಾಪಸು ಒಳಗೆ ಬಿಡುವುದು. ಗಂಡ ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಆ ಕೊಳವೆಗಳೇ ಸಾಕಿದ್ದವು.

ಹೊಸಿಲು ದಾಟಿ ಅವಳ ಅಣ್ಣ ಮುದಕಪ್ಪ ಬಂದ. ರೈಲ್ವೆಯ ಡೀಸೆಲ್ ಶೆಡ್ಡಿನಲ್ಲಿ ಇಡೀ ಆಯುಷ್ಯ ಇಂಜಿನ್ನಿನ ಕೆಳಗೇ ಮಲಗಿ ರಿಟೈರಾದವನು. ಎರಡೂ ಕಂಕುಳಲ್ಲಿ ಒಂದೊಂದು ರೇಡಿಯೇಟರ್.

"ಹಳೇ ಅಂಬಾಸಿಡರ್ ಕಾರಿಂದು ನೋಡ್, ದಾಕ್ಷೀ. ಖರೇ ತಾಮ್ರ. ಗುಜರಿಯಾಂವ ಅಲ್ಯುಮಿನಿಯಂದು ಕೊಡ್ತೀನಿ ಅಂದ. ನಿನ್ನ ತಲಿ, ತಾಮ್ರದ ಬ್ಲಾಕಿಗೆ ಅಲ್ಯುಮಿನಿಯಂ ಕೂಡಿಸಿದ್ರ ಒಂದನ್ನೊಂದು ತಿಂದ್ ಹಾಕ್ತಾವು, ಅತ್ತೀ-ಸೊಸಿ ಇದ್ದಂಗ, ಅಂದೆ."

"ಮಾಮಾ, ತಡಿ," ಎಂದು ಗಂಗಿ ಬಾಗಿಲಿಗೆ ಬಂದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. "ಅದು ಎಷ್ಟ್ ಹೊತ್ತು ತಡೀತೈತಿ?"

"ಏನ್ ಎಷ್ಟ್ ಹೊತ್ತು?"

"ಬಿಸಿ ಆಗದಂಗ."

"ನಿಮ್ಮವ್ವನ ಕೈ ಬಿದ್ದ ಮ್ಯಾಲ ಸಂಜೀತನಕಾ ಕಡದ್ರೂ ತಣ್ಣಗಿರ್ತೈತಿ."

"ಸಂಜೀತನಕಾ ಕಡೀತೀನಿ," ಎಂದಳು ಗಂಗಿ. ತಮಾಷೆಗೆ ಹೇಳಲಿಲ್ಲ. ಮುದಕಪ್ಪನ ನಗು ಬಾಯಲ್ಲೇ ಉಳಿಯಿತು.

ಅವಳು ಮತ್ತೆ ಚೀಲದ ಕಡೆ ಹೋದ ಮೇಲೆ ಅವನು ಕುಕ್ಕರಗಾಲಲ್ಲಿ ಕೂತು ಕೊಳವೆಯ ನಡುವೆ ಕೂರಿಸಿದ್ದ ಒಂದು ಚಿಕ್ಕ ಡಬ್ಬಿಯನ್ನು ಮುಟ್ಟಿ ನೋಡಿದ. "ಇದೇನ?"

"ಗಾಳಿ ಹಿಡಿಯೂದು. ವಾರ್ಡಿನಾಗ ಕೆಟ್ಟು ಬಿದ್ದಿದ್ದ ಮಷೀನಿಂದು, ಕೇಳಿ ತಂದೆ. ಒಂದು ಗುಳ್ಳಿ ದಾಟಿದ್ರೂ ಕ್ಲಾಂಪು ಬಿದ್ದು ಪೈಪ್ ಮುಚ್ಚತೈತಿ, ಪಂಪ್ ನಿಂದ್ರತೈತಿ. ಗಾಳಿ ಒಳಗ ಹೋಗಬಾರ್ದಲ್ಲಣ್ಣಾ."

"ಹೌದ್ ಹೌದು. ಡೀಸೆಲ್ ಲೈನಿನಾಗೂ ಗಾಳಿ ಸೇರಿದ್ರ ಇಂಜಿನ್ ಬಂದ್."

ಇಬ್ಬರೂ ಅದನ್ನು ಮತ್ತೆ ಯೋಚಿಸಲಿಲ್ಲ. ಗಾಳಿ ಎಂದರೆ ಸಾವು ಎಂದು ಇಬ್ಬರಿಗೂ ಅವರವರ ಕೆಲಸ ಕಲಿಸಿತ್ತು.

*

ಊರ ನಡುವಿನ ಹಳೆಯ ಟಾಕೀಸನ್ನೇ ಕಣ ಕೇಂದ್ರ ಮಾಡಿದ್ದರು. ಪ್ರೊಜೆಕ್ಟರ್ ಇದ್ದ ಕೋಣೆ ಈಗ ಕಂಟ್ರೋಲ್ ರೂಮು. ತಪಾಸಣೆಯ ದಿನ ನಿರ್ಣಾಯಕಿ ಸುಲೋಚನಾ ಕಾಮತ್ ಮೇಲಿನಿಂದ ಇಳಿದು ಬಂದು ಎರಡೂ ಯಂತ್ರಗಳನ್ನು ಓಡಿಸಿ ನೋಡಿದರು. ಕರಾವಳಿ ಕಡೆಯವರು, ಮಾತು ಕಡಿಮೆ. ದಾಕ್ಷಾಯಣಿಯ ಯಂತ್ರದ ಮುಂದೆ ಬಹಳ ಹೊತ್ತು ನಿಂತರು. ಉಷ್ಣತೆಯ ಮುಳ್ಳು ಸ್ವಲ್ಪ ಏರಿ, ಅಲ್ಲೇ ನಿಂತುಬಿಟ್ಟಿತ್ತು.

"ಇದು ಎಷ್ಟು ಹೊತ್ತು ಹೀಗೇ ಇರುತ್ತದೆ?"

"ಬೇಕಾದಷ್ಟ್ ಹೊತ್ತು ಇರ್ತೈತ್ರಿ ಮೇಡಂ."

ಕಾಮತ್ ಅವರಿಗೆ ಅದು ಹಿಡಿಸಲಿಲ್ಲ. "ಕಾಯ್ದೆಯಲ್ಲಿ ಇಷ್ಟೇ ಹೊತ್ತು ಅಂತ ಯಾಕೆ ಬರೆದಿಲ್ಲ ಗೊತ್ತಾ? ಯಂತ್ರ ಹೇಗೂ ಬಿಸಿಯಾಗುತ್ತದೆ ಅಂತ. ಎರಡೂ ಕಡೆ ಬಿಸಿಯಾಗಿ, ಎರಡೂ ಕಡೆ ಕೈ ಜಡವಾಗಿ, ಯಾರಿಗಾದರೂ ಒಬ್ಬರಿಗೆ ಸಾಕಪ್ಪಾ ಅನ್ನಿಸಿಬಿಡುತ್ತದೆ. ಇಲ್ಲಿ ಜೀವ ಉಳಿಸುವುದು ನಾನಲ್ಲ, ಆ ಬಿಸಿ. ಬಿಸಿ ಏರದ ಯಂತ್ರ ಇಲ್ಲಿಗೆ ಈವರೆಗೆ ಬಂದಿಲ್ಲ."

"ನಿಯಮದಾಗ ತಪ್ಪೈತೇನ್ರಿ?"

"ನಿಯಮದಲ್ಲಿ ತಪ್ಪಿಲ್ಲ."

ಎದುರು ಮೂಲೆಯಲ್ಲಿ ದುಂಡಪ್ಪ ನಕ್ಕ. ದೊಡ್ಡ ಮೈ, ಎದೆಯೊಳಗೆ ಎರಡು ಸ್ಟೆಂಟು. ಹಾಗಾಗಿ ಪಟ್ಟಿ ಕಟ್ಟಿಕೊಳ್ಳುವುದು ಅವನಲ್ಲ, ಅವನ ಮಗ ಸಂಗು. "ದವಾಖಾನಿ ಪೈಪ್ ತಂದಾಳ ನೋಡ್ರ್ಯೋ! ಏನ್ ನರ್ಸ್ ಬಾಯಾರ, ಮಗಳಿಗೂ ಸಲೈನ್ ಹಚ್ಚಾವ್ರೇನು?" ಅವನ ಜೊತೆಯವರು ಹೋ ಎಂದರು.

ಅವನ ಯಂತ್ರ ಗಾಜಿನ ಪೆಟ್ಟಿಗೆಯೊಳಗೆ ಮದುವೆಮನೆಯಂತೆ ಹೊಳೆಯುತ್ತಿತ್ತು. ಮೆದು ಕೊಳವೆಗಳಲ್ಲಿ ಹಾಲಿನಂಥ ಬಿಳಿ ದ್ರವ ಓಡುತ್ತಿತ್ತು. ಪಕ್ಕದಲ್ಲಿದ್ದ ಸಂಗು ದಾಕ್ಷಾಯಣಿಯನ್ನು ಕಂಡು ರೂಢಿಯಂತೆ "ನಮಸ್ಕಾರ್ರಿ" ಅಂದುಬಿಟ್ಟ. ಅಂದ ಮೇಲೆ ಎಲ್ಲಿ ನೋಡಬೇಕೋ ತಿಳಿಯದೆ ನೆಲ ನೋಡಿದ. ಈಗಷ್ಟೇ ಮೀಸೆ ಬಲಿಯುತ್ತಿದ್ದ ಹುಡುಗ.

ದಾಕ್ಷಾಯಣಿ ಅವನನ್ನು ನೋಡಲಿಲ್ಲ. ಅವಳ ಕಣ್ಣು ಆ ಬಿಳಿ ದ್ರವದ ತೊಟ್ಟಿಯ ತಳದಲ್ಲಿತ್ತು. ತಳದಲ್ಲಿ ಸುಣ್ಣದಂತೆ ತೆಳ್ಳಗೆ ಪುಡಿ ಕೂತಿತ್ತು. ಬಣ್ಣ ಒಡೆಯುತ್ತಿದೆ. ಇನ್ನೊಂದಿಷ್ಟು ಕಾದರೆ ಬ್ಲಾಕಿನೊಳಗಿನ ಕೂದಲೆಳೆಯಂಥ ಸಂದುಗಳಲ್ಲಿ ಹೋಗಿ ಕೂರುತ್ತದೆ, ಫಿಲ್ಟರಿನಲ್ಲಿ ರಕ್ತ ಹೆಪ್ಪುಗಟ್ಟಿದಂತೆ.

ಅವಳು ಯಾರಿಗೂ ಹೇಳಲಿಲ್ಲ. ಮನೆಗೆ ನಡೆಯುವಾಗ ಎಷ್ಟೋ ತಿಂಗಳ ಮೇಲೆ ಅವಳಿಗೆ ಹಸಿವಾಯಿತು.

*

ರವಿವಾರ ಮನೆಯಲ್ಲಿ ಪರೀಕ್ಷೆ ಇಟ್ಟುಕೊಂಡರು. ಪ್ರತಿ ಜೋಡಣೆಯ ಕೆಳಗೂ ಒಣ ಕಾಗದ ಹಾಸಿ ಪಂಪ್ ಓಡಿಸಿದರು. ಒಂದು ಕಾಗದವೂ ತೇವವಾಗಲಿಲ್ಲ. ಮುದಕಪ್ಪ ಮೂಗಿಗೆ ನಶ್ಯ ಏರಿಸಿ ಖುಷಿಪಟ್ಟ.

"ನಾ ಒಂದ್ಸಲ ಪಟ್ಟಿ ಕಟ್ಕೋತೀನಿ," ಎಂದಳು ದಾಕ್ಷಾಯಣಿ. "ಅದೇನೈತಿ ಅಂತ ತಿಳೀಬೇಕು ನನಗ."

"ಬ್ಯಾಡವ್ವಾ."

"ಕಟ್ಟು."

ಕನ್ನಡಕದೊಳಗೆ ಕೆಂಪು ಉಸುಕಿನ ಬಯಲು. ಎದುರಿಗೆ ಅದೇ ಯಂತ್ರಕ್ಕೆ ಜೋಡಿಸಿಕೊಂಡ ಗಂಗಿ, ಗಂಗಿಯಷ್ಟೇ ಎತ್ತರ, ಮುಖವಿಲ್ಲ. ದಾಕ್ಷಾಯಣಿ ಕತ್ತಿ ಎತ್ತುವ ಮೊದಲೇ ಎಡಗೈ ಮೊಣಕೈಯಿಂದ ಕೆಳಗೆ ಹೋಯಿತು. ಕಾದ ಎಣ್ಣೆಯಲ್ಲಿ ಅದ್ದಿದಂಥ ನೋವು. ಎಲುಬಿನೊಳಗಿಂದ ಬರುವ ನೋವು. ಅವಳು ಚೀರಲಿಲ್ಲ, ಚೀರಲು ಉಸಿರೇ ಇರಲಿಲ್ಲ. ಕತ್ತಿ ಬಿಟ್ಟಳು. ಉಸುಕಿನ ಮೇಲೆ ಅದು ಬಿದ್ದದ್ದು ಕಾಣಿಸಿತು.

ಇನ್ನೊಂದು ಏಟು ಬಿತ್ತು. ಭುಜದ ಮೇಲೆ.

ಮುದಕಪ್ಪ ಪ್ಲಗ್ ಕಿತ್ತ. ಕನ್ನಡಕ ತೆಗೆದಾಗ ದಾಕ್ಷಾಯಣಿ ನೆಲದ ಮೇಲಿದ್ದಳು, ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು.

"ಬಿಟ್ಟಿದ್ದೆ," ಎಂದಳು. "ಕತ್ತಿ ಬಿಟ್ಟಿದ್ದೆ ನಾನು."

"ಕೈ ನಿಂದ್ರಲಿಲ್ಲವ್ವಾ." ಗಂಗಿಯ ಮುಖ ಬಿಳಿಚಿಕೊಂಡಿತ್ತು. "ಮಷೀನ್ ಭಾಳ ಚುರುಕ ಐತಿ. ನಾ ಅಂದ್ಕೊಳ್ಳೂದರಾಗ ಹೊಡದಿರ್ತೈತಿ."

"ಮಷೀನಲ್ಲ, ನೀ ಹೊಡದಿ."

ಗಂಗಿ ಒಳಗೆ ಹೋಗಿ ತಣ್ಣೀರು ತಂದು ಅವ್ವನ ಎಡಗೈ ಮೇಲೆ ಹೊಯ್ದಳು. ಅಲ್ಲಿ ಗಾಯವಿರಲಿಲ್ಲ, ಆದರೂ ಹೊಯ್ದಳು. ಆಮೇಲೆ ಮೂವರೂ ಉಂಡರು. ರೊಟ್ಟಿ ಮುರಿಯಲು ದಾಕ್ಷಾಯಣಿಯ ಎಡಗೈ ಸಹಕರಿಸಲಿಲ್ಲ. ಗಂಗಿ ಮುರಿದು ಕೊಟ್ಟಳು.

"ಅಂವ ಕತ್ತಿ ಬಿಟ್ಟ ಅಂದ್ರ ನಿಂದ್ರಬೇಕವ್ವಾ," ಎಂದಳು ದಾಕ್ಷಾಯಣಿ.

"ಸೋಮು ಬಿದ್ದ ಮ್ಯಾಲ ಅವರಪ್ಪ ನಿಂತಿದ್ನೇನು?"

*

ಕಣದ ದಿನ ಟಾಕೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರದೆಯ ಎಡಕ್ಕೆ ಗಂಗಿಯ ಕುರ್ಚಿ, ಬಲಕ್ಕೆ ಸಂಗುವಿನದು. ಕುರ್ಚಿಯ ಹಿಂದೆ ಅವರವರ ಯಂತ್ರ, ಯಂತ್ರದ ಪಕ್ಕ ಅವರವರ ಮನೆಯವರು. ತಮ್ಮ ಯಂತ್ರಕ್ಕೆ ಏನು ಬೇಕಾದರೂ ಮಾಡಿಕೊಳ್ಳಬಹುದು. ಎದುರಿನವರ ಯಂತ್ರವನ್ನು ಮುಟ್ಟಿದವರು ಸೋತ ಹಾಗೆ. ಮೇಲಿನ ಕಿಟಕಿಯಿಂದ ಕಾಮತ್ ಮೈಕಿನಲ್ಲಿ ಇಷ್ಟನ್ನು ಓದಿ, ಗಂಟೆ ಬಾರಿಸಿದರು.

ಮೊದಲ ಏಟು ಸಂಗುವಿನದು. ಗಂಗಿಯ ಕಿವಿ ಹಾರಿತು. ಪರದೆಯ ಮೇಲೆ ರಕ್ತ ಚಿಮ್ಮಿತು, ಕುರ್ಚಿಯಲ್ಲಿ ಗಂಗಿ ಹಲ್ಲು ಕಚ್ಚಿ ತಲೆ ಕೊಡವಿದಳು. ಮರುಗಳಿಗೆ ಅವಳ ಕತ್ತಿ ಅವನ ಮುಂಗೈ ಸೀಳಿತು. ಜನ ಎದ್ದು ನಿಂತರು. ಇಬ್ಬರೂ ಉಸುಕು ಕೆದರುತ್ತ ಸುತ್ತಿದರು, ತಿವಿದರು, ಹಿಂದೆ ಸರಿದರು. ಗಂಗಿ ಅವನ ತೊಡೆಗೆ ಹೊಡೆದಳು. ಅವನು ಅವಳ ಪಕ್ಕೆಗೆ ಹೊಡೆದ. ಕತ್ತಿಗೆ ಕತ್ತಿ ತಾಗಿ ಕಿಡಿ ಹಾರಿತು.

ಆಗ ದಾಕ್ಷಾಯಣಿಯ ಬೆನ್ನ ಹಿಂದೆ ಪೀಂ ಪೀಂ ಎಂದಿತು.

ಹದಿನಾರು ವರ್ಷ ವಾರ್ಡಿನಲ್ಲಿ ಕೇಳಿದ ಸದ್ದು. ಆ ಸದ್ದಿಗೆ ಅವಳ ಕೈ ತಾನಾಗಿ ಹೋಗುತ್ತದೆ, ಎಲ್ಲಕ್ಕಿಂತ ಮೊದಲು ಕ್ಲಾಂಪು ಸರಿಯಾಗಿ ಬಿದ್ದಿದೆಯೇ ಎಂದು ನೋಡುತ್ತದೆ. ಈಗಲೂ ಹೋಯಿತು. ಕ್ಲಾಂಪು ಬಿದ್ದಿತ್ತು, ಕೊಳವೆ ಗಟ್ಟಿಯಾಗಿ ಮುಚ್ಚಿತ್ತು. ಪಂಪ್ ನಿಂತಿತ್ತು. ಅವಳು ಅದನ್ನು ಇನ್ನಷ್ಟು ಒತ್ತಿ, ಗುಳ್ಳೆ ಎಲ್ಲಿದೆ ಎಂದು ಕೊಳವೆಗೆ ಬೆರಳಿನಿಂದ ಚಿಟಿಕೆ ಹೊಡೆಯತೊಡಗಿದಳು.

ಪರದೆಯ ಮೇಲೆ ಗಂಗಿಯ ಕತ್ತಿ ಅರ್ಧ ಎತ್ತಿದಲ್ಲೇ ತಡವರಿಸಿತು. ಸಂಗು ಅವಳ ಮಂಡಿಯ ಕೆಳಗೆ ಕಡಿದ. ಕುರ್ಚಿಯಿಂದ ಬಂದ ಚೀರು ಮನುಷ್ಯರ ದನಿಯಂತೆ ಇರಲಿಲ್ಲ.

"ದಾಕ್ಷೀ!" ಮುದಕಪ್ಪ ಅವಳ ಭುಜ ಹಿಡಿದು ಅಲ್ಲಾಡಿಸಿದ. "ಇದು ಮನಷಾ ಅಲ್ಲ, ಮಷೀನು! ಗಾಳಿ ಹೋದ್ರ ಸಾಯೂದಿಲ್ಲ ಇದು! ನೀರ್ ನಿಂತ್ರ ಸಾಯ್ತೈತಿ!"

ಉಷ್ಣತೆಯ ಮುಳ್ಳು ಕೆಂಪಿಗೆ ಹೋಗಿತ್ತು. ಸಂಗು ಮತ್ತೊಂದು ಹೊಡೆದ. ದಾಕ್ಷಾಯಣಿ ಕ್ಲಾಂಪಿಗೆ ಉಗುರು ಹಾಕಿ ಎಳೆದಳು, ಬರಲಿಲ್ಲ. ಇಕ್ಕಳ ಸಿಕ್ಕಿಸಿ ಡಬ್ಬಿಯ ಸಮೇತ ಮುರಿದೆಳೆದಳು. ಉಗುರೊಂದು ಕಿತ್ತು ಬಂತು. ಮುದಕಪ್ಪ ಪಂಪಿನ ತಂತಿಯನ್ನು ನೇರವಾಗಿ ಕೂಡಿಸಿದ. ನೀರು ಗುಳುಗುಳು ಎಂದು ಹೊರಟಿತು. ಗುಳ್ಳೆ ಏನೂ ಆಗಿಲ್ಲವೆಂಬಂತೆ ರೇಡಿಯೇಟರ್ ದಾಟಿ ತೊಟ್ಟಿಗೆ ಬಂದು ಒಡೆಯಿತು.

ಮುಳ್ಳು ಇಳಿಯಿತು. ಉಸುಕಿನ ಮೇಲೆ ಬಿದ್ದಿದ್ದ ಗಂಗಿ ಒಂದೇ ಕಾಲ ಮೇಲೆ ಎದ್ದಳು.

ಆಮೇಲಿನದು ಕಾಳಗವಾಗಿರಲಿಲ್ಲ. ಅವಳ ಯಂತ್ರ ತಣ್ಣಗಿತ್ತು, ಅವಳ ಕತ್ತಿ ಕಣ್ಣಿಗೆ ನಿಲುಕುತ್ತಿರಲಿಲ್ಲ. ಸಂಗುವಿನ ಭುಜ ತೆರೆಯಿತು. ಕೆನ್ನೆ ತೆರೆಯಿತು. ಅವನು ಕತ್ತಿ ಅಡ್ಡ ತರುವಷ್ಟರಲ್ಲಿ ಏಟು ಬಿದ್ದು ಮುಗಿದಿರುತ್ತಿತ್ತು. ಬಲಕಾಲು ಮಂಡಿಯಲ್ಲಿ ತುಂಡಾಗಿ ಅವನು ಕುಸಿದು ಕೂತ. ಗಂಗಿ ಕುಂಟುತ್ತ ಸುತ್ತ ನಡೆದು ಬೆನ್ನಿಗೆ ಹೊಡೆದಳು, ತಿರುಗಿ ಬಂದು ಹೊಟ್ಟೆಗೆ ಹೊಡೆದಳು. ಜನ ಕೂಗುತ್ತಿದ್ದರು. ದಾಕ್ಷಾಯಣಿಯೂ ಕೂಗುತ್ತಿದ್ದಳು. ಹೊಡಿ, ಹೊಡಿ ಅವ್ವಾ, ಎಂದು ತಾನೇ ಕೂಗುತ್ತಿದ್ದೇನೆಂದು ಅವಳಿಗೆ ಗಂಟಲು ಬಿರಿದಾಗ ತಿಳಿಯಿತು.

ಕೆಮ್ಮಲು ಅವಳು ಪರದೆಯಿಂದ ಕಣ್ಣು ತೆಗೆದಳು. ಆಗ ಸಂಗುವಿನ ಕುರ್ಚಿ ಕಂಡಿತು.

ಪರದೆಯ ಮೇಲೆ ಸಂಗುವಿನ ಮುಷ್ಟಿಯಲ್ಲಿ ಕತ್ತಿ ಭದ್ರವಾಗಿತ್ತು. ಕುರ್ಚಿಯಲ್ಲಿದ್ದ ಸಂಗುವಿನ ಕೈ ಬಿಚ್ಚಿತ್ತು. ಗ್ಲೌಸಿನ ಐದೂ ಬೆರಳು ಅಗಲವಾಗಿ ಚಾಚಿದ್ದವು. ಅವನು ಮುಷ್ಟಿ ಕಟ್ಟಿ ಮತ್ತೆ ಬಿಚ್ಚಿದ. ಮತ್ತೆ ಕಟ್ಟಿ ಬಿಚ್ಚಿದ. ಪರದೆಯಲ್ಲಿ ಏನೂ ಆಗಲಿಲ್ಲ. ಅವನ ಹಿಂದೆ ಗಾಜಿನ ಪೆಟ್ಟಿಗೆ ಝಗಝಗ ಹೊಳೆಯುತ್ತಿತ್ತು, ಕೊಳವೆಗಳೊಳಗಿನ ಬಿಳಿ ದ್ರವ ಮಾತ್ರ ಮೊಸರಿನಂತೆ ನಿಂತಿತ್ತು. ನೋವನ್ನು ಕಣವೇ ನೇರ ಪಟ್ಟಿಗೆ ಕಳಿಸುತ್ತದೆ, ಅದು ತಡವಾಗುವುದಿಲ್ಲ. ಶರಣಾಗತಿ ಅವನ ಯಂತ್ರದಿಂದ ಬರಬೇಕು. ಅವನ ಯಂತ್ರ ಕಟ್ಟಿಕೊಂಡಿತ್ತು.

"ಮೇಡಂ!" ದಾಕ್ಷಾಯಣಿ ಮೇಲಿನ ಕಿಟಕಿಗೆ ಕೂಗಿದಳು. "ಆ ಹುಡುಗ ಕೈ ಬಿಟ್ಟಾನ! ಅವನ ಕೈ ನೋಡ್ರಿ!"

ಕಾಮತ್ ನೋಡಿದರು. ಮೈಕನ್ನು ಬಾಯಿಗೆ ಹತ್ತಿರ ತಂದರು. "ಪರದೆಯ ಮೇಲೆ ಬೀಳಬೇಕು. ಅವರ ಯಂತ್ರವೇ ಹೇಳಬೇಕು. ನನಗೆ ಬೇರೆ ಅಧಿಕಾರ ಇಲ್ಲ."

ದುಂಡಪ್ಪ ಮಗನಿಂದ ಮಾರು ದೂರದಲ್ಲಿ ನಿಂತಿದ್ದ. ಮಗನನ್ನು ನೋಡುತ್ತಿರಲಿಲ್ಲ, ಪರದೆಯನ್ನು ನೋಡುತ್ತಿದ್ದ. "ಏಳೋ! ಕತ್ತಿ ಬಿಡಬ್ಯಾಡ! ಗಂಡಸಾಗಿ ಸಾಯಿ ಮಗನ!"

ಗಂಗಿಗೆ ಏನೂ ಕೇಳುತ್ತಿರಲಿಲ್ಲ. ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಕತ್ತಿ ಹಿಡಿದೇ ಇದ್ದ ಶತ್ರು. ಅವಳು ಅವನ ಕಡಿದ ಭುಜದೊಳಗೇ ಮತ್ತೆ ಕಡಿದಳು. ಕುರ್ಚಿಯಲ್ಲಿ ಸಂಗುವಿನ ಬಾಯಿಂದ ನೊರೆ ಬಂತು. ತುಟಿ ನೀಲಿಯಾಗುತ್ತಿತ್ತು. ಆ ಬಣ್ಣವನ್ನು ದಾಕ್ಷಾಯಣಿ ಬಲ್ಲಳು. ಅದರ ಆಚೆ ಇನ್ನು ಸ್ವಲ್ಪವೇ ಹೊತ್ತು.

ಅವಳ ಕೈ ತಮ್ಮ ಯಂತ್ರದ ಸ್ವಿಚ್ಚಿಗೆ ಹೋಯಿತು. ಮುದಕಪ್ಪ ಮಣಿಕಟ್ಟು ಹಿಡಿದ.

"ಅದನ್ನ ಬಂದ್ ಮಾಡಿದ್ರ ಸೋತಂಗ. ಸೋಮೂನ ಕೇಸ್ ಮುಗೀತು, ದಾಕ್ಷೀ."

"ಗೊತ್ತೈತಿ ಅಣ್ಣಾ."

"ಅವರ ಹುಡುಗ ಅಂವ. ನಮ್ಮವ ಅಲ್ಲ."

ಅವಳು ಸ್ವಿಚ್ಚಿನಿಂದ ಕೈ ತೆಗೆದಳು. ಮುದಕಪ್ಪ ಉಸಿರು ಬಿಟ್ಟ. ಅವನ ಉಸಿರು ಮುಗಿಯುವಷ್ಟರಲ್ಲಿ ಅವಳು ಪರದೆಯ ಮುಂದಿನಿಂದ ಅಡ್ಡ ಓಡಿದ್ದಳು. ಅವರ ಯಂತ್ರ ಮುಟ್ಟಿದರೂ ಸೋಲೇ, ಆದರೆ ಅದರ ದಾರಿ ತೆರೆದರೆ ಹುಡುಗ ಆಗಲೇ ಕತ್ತಿ ಬಿಟ್ಟದ್ದನ್ನು ಪರದೆಯೇ ಹೇಳುತ್ತದೆ.

ಗಾಜಿನ ಪೆಟ್ಟಿಗೆಗೆ ಮೊಣಕೈ ಹಾಕಿದಳು. ಗಾಜು ಚೂರಾಯಿತು. ಒಳಗೆ ಕೈ ತೂರಿಸಿ, ಬ್ಲಾಕಿಗೆ ಹೋಗುವ ಮೆದು ಕೊಳವೆಯನ್ನು ಹಿಡಿದು ಹಿಸುಕಿದಳು. ಹಿಂದೆ ಒತ್ತಡ ಕಟ್ಟಲು ಬಿಟ್ಟು, ತಟ್ಟನೆ ಸಡಿಲಿಸಿದಳು. ಫಿಲ್ಟರು ಹೆಪ್ಪುಗಟ್ಟಿದಾಗ ಹೀಗೆಯೇ ಮಾಡುತ್ತಾರೆ. ಹಿಸುಕು, ಬಿಡು. ಹಿಸುಕು, ಬಿಡು. ಇನ್ನೊಂದು ಕೈಯಿಂದ ಬ್ಲಾಕನ್ನು ತಟ್ಟು. ಬ್ಲಾಕು ಕಾದ ಹಂಚಿನಂತೆ ಸುಡುತ್ತಿತ್ತು.

"ಏ ಹಿಡೀರ್ಯೋ ಅಕೀನ! ಮಷೀನ್ ಒಡ್ಯಾಕ ಬಂದಾಳ!"

ಯಾರೋ ಜುಟ್ಟು ಹಿಡಿದು ಎಳೆದರು. ಯಾರೋ ಸೊಂಟಕ್ಕೆ ಒದ್ದರು. ಒಂದು ಸ್ಟೂಲು ಬಂದು ತಲೆಯ ಹಿಂಭಾಗಕ್ಕೆ ಅಪ್ಪಳಿಸಿತು, ಕಣ್ಣ ಮುಂದೆ ಬೆಳ್ಳ ಬೆಳಕು. ಗಾಜಿನ ಅಂಚು ತೋಳಿನೊಳಗೆ ಇಳಿಯಿತು. ದಾಕ್ಷಾಯಣಿ ಕೊಳವೆ ಬಿಡಲಿಲ್ಲ. ಹಿಸುಕು, ಬಿಡು. ಮತ್ತೊಂದು ಏಟು. ರಕ್ತ ಕಣ್ಣಿಗೆ ಇಳಿದು ಬೆರಳು ಕಾಣದಾಯಿತು. ಹಿಸುಕು, ಬಿಡು. ಒಳಗೆ ಏನೋ ಕಳಕ್ ಎಂದಿತು. ಬಿಳಿಯ ಗಡ್ಡೆಯೊಂದು ಕೊಳವೆಯೊಳಗೆ ಉರುಳಿ ಹೋಯಿತು. ಅದರ ಬೆನ್ನಿಗೆ ನೀರು ಹರಿಯಿತು.

ಪರದೆಯ ಮೇಲೆ ಸಂಗುವಿನ ಬೆರಳು ಬಿಚ್ಚಿದವು. ಮುಚ್ಚಿದವು. ಬಿಚ್ಚಿದವು. ತಡೆದಿಟ್ಟಿದ್ದ ಚಲನೆಗಳೆಲ್ಲ ಒಟ್ಟಿಗೇ ಬಂದು ಅವನ ಕೈ ಹಕ್ಕಿಯ ರೆಕ್ಕೆಯಂತೆ ಬಡಿಯಿತು. ಕತ್ತಿ ಉಸುಕಿಗೆ ಬಿತ್ತು.

ಗಂಟೆ ಹೊಡೆಯಿತು. ಕಾಮತ್ ಮೇಲಿನಿಂದಲೇ ಕಣದ ವಿದ್ಯುತ್ತು ಕಡಿದರು. ಗಂಗಿಯ ಎತ್ತಿದ ಕತ್ತಿ ಅಲ್ಲೇ ಮಂಜಾಗಿ ಕರಗಿತು.

*

ಪೊಲೀಸರು ಎಳೆದಾಡಿ ಜನರನ್ನು ಬಿಡಿಸಿದರು. ದಾಕ್ಷಾಯಣಿ ಗೋಡೆಗೊರಗಿ ಕೂತಿದ್ದಳು. ಮುದಕಪ್ಪ ತನ್ನ ರುಮಾಲನ್ನು ಅವಳ ತಲೆಗೆ ಒತ್ತಿ ಹಿಡಿದಿದ್ದ. ಕಾಮತ್ ಮೆಟ್ಟಿಲಿಳಿದು ಬರುವುದನ್ನೂ ಕಾಯದೆ ದುಂಡಪ್ಪ ಕೂಗಿದ.

"ಮುಟ್ಟ್ಯಾಳ್ರಿ! ಎಲ್ಲಾರೂ ನೋಡ್ಯಾರ! ನಮ್ಮ ಮಷೀನ್ ಮುಟ್ಟಿದ್ರ ಸೋತಂಗ. ಕೇಸ್ ಖುಲಾಸ್!"

ಈ ಸಲ ಎಲ್ಲರೂ ನೋಡಿದ್ದರು. ಹೌದು ಹೌದು ಎಂದು ನೂರು ಬಾಯಿ ಸಾಕ್ಷಿ ಹೇಳಿದವು.

ಕಾಮತ್ ದಾಕ್ಷಾಯಣಿಯ ಮುಂದೆ ನಿಂತರು. "ಮುಟ್ಟಿದಿರಾ?"

"ಮುಟ್ಟೇನ್ರಿ."

"ನಿಯಮ ಗೊತ್ತಿತ್ತಲ್ಲ?"

"ಗೊತ್ತಿತ್ರಿ. ಅವನ ತುಟಿ ನೀಲಿ ಆಗಿತ್ತು."

ಕಾಮತ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕುರ್ಚಿಯಿಂದ ದನಿ ಬಂತು. ಪಟ್ಟಿ ಬಿಚ್ಚಿದ್ದರೂ ಸಂಗುವಿನ ಮೈ ಇನ್ನೂ ಅದುರುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು.

"ನಾ ಅದಕ್ಕೂ ಮೊದಲ ಬಿಟ್ಟಿದ್ದೆ."

"ಸುಮ್ನಿರಲೇ," ಎಂದ ದುಂಡಪ್ಪ.

"ಕಾಲ್ ಹೋದಾಗನ ಬಿಟ್ಟೇನ್ರಿ ಮೇಡಂ. ಅಕೀ ಬರೂಕಿಂತಾ ಮೊದಲ. ಬಿಟ್ಟೆ, ಬಿಟ್ಟೆ, ಬಿಟ್ಟೆ, ಎಷ್ಟ್ ಸಲ ಬಿಟ್ರೂ ಬೀಳವಲ್ದಾಗಿತ್ತು." ಅವನು ಅಪ್ಪನ ಕಡೆ ತಿರುಗಿದ. "ನೀ ಇಲ್ಲೇ ನಿಂತಿದ್ದೆಲ್ಲಪ್ಪಾ. ಒಮ್ಮೆ ನನ್ನ ಕೈ ನೋಡಿದ್ರ ಆಗ್ತಿತ್ತು."

ದುಂಡಪ್ಪ ಮಗನ ಬಾಯಿಗೆ ಹೊಡೆದ. ಎರಡನೆಯ ಸಲ ಕೈ ಎತ್ತಿದಾಗ ಪೊಲೀಸಿನವನು ಆ ಕೈಯನ್ನು ಹಿಂದಕ್ಕೆ ತಿರುಚಿ ಹಿಡಿದ. ಸಂಗು ತುಟಿಯ ರಕ್ತ ಒರೆಸಿಕೊಳ್ಳಲಿಲ್ಲ. "ಬರಕೊಳ್ರಿ ಮೇಡಂ," ಎಂದ. "ಸೋತೀನಿ ನಾನು. ಮೊದಲ ಸೋತೀನಿ."

ಕಾಮತ್ ಬಹಳ ಹೊತ್ತು ಯೋಚಿಸಲಿಲ್ಲ. ತಡೆದಿಟ್ಟಿದ್ದ ಚಲನೆಗಳಲ್ಲಿ ಅವನ ಯಂತ್ರವೂ ಅದನ್ನೇ ಹೇಳಿತ್ತು, ಸೋತವನೇ ತನ್ನ ಬಾಯಿಂದ ಸೋತೆನೆಂದ ಮೇಲೆ ಕಣ ಆಗಲೇ ಮುಗಿದಿತ್ತು. ಮುಗಿದ ಕಣದಲ್ಲಿ ಯಾರು ಯಾರ ಯಂತ್ರ ಮುಟ್ಟಿದರೇನು? ಪೊಲೀಸರು ದುಂಡಪ್ಪನನ್ನು ಜೈಲಿಗೆಂದು ಬಾಗಿಲ ಕಡೆ ನಡೆಸಿಕೊಂಡು ಹೋದರು. ಅವನು ಉದ್ದಕ್ಕೂ ಬೈಯುತ್ತಲೇ ಹೋದ, ಮೊದಲು ದಾಕ್ಷಾಯಣಿಯನ್ನು, ಆಮೇಲೆ ಮಗನನ್ನು.

ಗಂಗಿಯ ಕನ್ನಡಕ ತೆಗೆದಿದ್ದರು. ಅವಳು ಎದ್ದಿರಲಿಲ್ಲ. ಕುಂಟುತ್ತ ಬಂದ ಅವ್ವನನ್ನೂ, ಅವ್ವನ ಸೀರೆಯ ಮೇಲಿನ ರಕ್ತವನ್ನೂ, ಬಿಳಿ ದ್ರವದ ಕಲೆಗಳನ್ನೂ ನೋಡಿದಳು.

"ಅವರ ಮಷೀನಿಗೆ ಕೈ ಹಚ್ಚಿದ್ಯಾ?"

"ಹ್ಞೂಂ."

"ಸೋಮೂನ ಕೊಂದವರ ಮಷೀನಿಗೆ?"

"ಹ್ಞೂಂ."

"ಅವನ ತಲಿ ಹೆಂಗಾಗಿತ್ತು ಮರ್ತ್ಯೇನವ್ವಾ? ನೀನ ತೊಳದಿ. ನೀನ ಬಟ್ಟಿ ಸುತ್ತಿದಿ."

"ಮರ್ತಿಲ್ಲ."

"ಮತ್ತ?"

ದಾಕ್ಷಾಯಣಿ ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು. ಪಟ್ಟಿ ಬಿಚ್ಚಲು ಬಂದ ಸಹಾಯಕ ಗ್ಲೌಸು ಎಳೆದ. ಎಡಗೈಯದು ಬಂತು. ಬಲಗೈಯದು ಬರಲಿಲ್ಲ. ಗಂಗಿಯ ಬಲಗೈ ಮುಷ್ಟಿ ಕಟ್ಟಿಯೇ ಇತ್ತು, ಇಲ್ಲದ ಕತ್ತಿಯನ್ನು ಹಿಡಿದು. ಗೆಣ್ಣುಗಳು ಬೆಳ್ಳಗಾಗಿದ್ದವು.

"ಮುಗೀತವ್ವಾ. ಬಿಡು," ಎಂದಳು ದಾಕ್ಷಾಯಣಿ.

ಗಂಗಿ ತನ್ನ ಕೈಯನ್ನೇ ನೋಡಿದಳು. ಯಾರದೋ ಕೈ ನೋಡುವಂತೆ ನೋಡಿದಳು. ತೋಳಿನವರೆಗೂ ನರಗಳು ಉಬ್ಬಿದವು, ಬೆರಳು ಅಲುಗಲಿಲ್ಲ. ಅಷ್ಟು ಹೊತ್ತು ಉರಿಯುತ್ತಿದ್ದ ಕಣ್ಣುಗಳಲ್ಲಿ ಮೊದಲ ಬಾರಿಗೆ ಹೆದರಿಕೆ ಕಂಡಿತು.

"ಅವ್ವಾ," ಎಂದಳು, ಚಿಕ್ಕವಳ ದನಿಯಲ್ಲಿ. "ಬಿಡಾಕ ಬರವಲ್ದು."

ಸಹಾಯಕ ಕತ್ತರಿ ತಂದ. ದಾಕ್ಷಾಯಣಿ ಬೇಡವೆಂದಳು. ಆ ಮುಷ್ಟಿಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಉಗುರಿಲ್ಲದ ಬೆರಳಿನಿಂದ ಮಗಳ ಕಿರುಬೆರಳನ್ನು ಮೆಲ್ಲಗೆ ಎತ್ತತೊಡಗಿದಳು.